ಗಾದಿ ಅಂಗಡಿಯ ಫರ್ಹೀನ್ ಮತ್ತು ಸವಿತಾಳ ಪಡಸಾಲೆ

ಫರ್ಹೀನಳನ್ನು ನಾನು ಮೊದಲು ನೋಡಿದ್ದು ಮಾನ್ವಿಯಲ್ಲಿ, ಡಿಸೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ. ಆ ವರ್ಷವೇ ನನಗೆ ಅಲ್ಲಿನ ಒಂದು ಪ್ರೌಢಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಯಾಪಲದಿನ್ನಿಯಿಂದ ಹೊರಡುವಾಗ ಅವ್ವ ಕಟ್ಟಿಕೊಟ್ಟ ಗಾದಿ ಗಂಟುಗಂಟಾಗಿತ್ತು. ಮಲಗಿದರೆ ಬೆನ್ನಿಗೆ ಕಲ್ಲು ಒತ್ತಿದಂತಾಗುತ್ತಿತ್ತು. ಅದನ್ನು ಬಿಚ್ಚಿಸಿ, ಒಳಗಿನ ಅರಳೆ ಬಿಡಿಸಿ ಮತ್ತೆ ತುಂಬಿಸಬೇಕೆಂದು ಸುರುಳಿ ಸುತ್ತಿ, ಆಟೋದಲ್ಲಿ ಹಾಕಿಕೊಂಡು ಬಜಾರಿನ ದಸ್ತಗೀರ್ ಸಾಬರ ಅಂಗಡಿಗೆ ಹೋದೆ.

ಅಂಗಡಿಯ ತುಂಬ ಕೆಂಪು, ಹಸಿರು, ಹಳದಿ ಹೂಗಳ ಗಾದಿ ಬಟ್ಟೆ ತೂಗುಹಾಕಿದ್ದರು. ಮೂಲೆಯಲ್ಲಿ ಹತ್ತಿ ಬಿಡಿಸುವ ಮಷಿನ್ ಗುರ್ರೆನ್ನುತ್ತಿತ್ತು. ದಸ್ತಗೀರ್ ಸಾಬರು ಅದರ ಪಕ್ಕದಲ್ಲಿ ಬಾಯಿಗೆ ಟವೆಲ್ ಕಟ್ಟಿಕೊಂಡು ನಿಂತಿದ್ದರು. ಹುಬ್ಬಿನ ಮೇಲೆ, ಟೋಪಿಯ ಮೇಲೆ ಅರಳೆಯ ಎಳೆಗಳು ಕುಳಿತು, ಇದ್ದ ವಯಸ್ಸಿಗಿಂತ ಹೆಚ್ಚು ಮುದುಕರಂತೆ ಕಾಣುತ್ತಿದ್ದರು. ನನ್ನ ಗಾದಿಯನ್ನು ಇಳಿಸಿಕೊಂಡವಳು ಅವರ ಮಗಳು. ಬೂದು ಬಣ್ಣದ ದುಪಟ್ಟಾವನ್ನು ಮೂಗಿನವರೆಗೆ ಎಳೆದು ಕಟ್ಟಿಕೊಂಡಿದ್ದಳು, ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಬ್ಲೇಡಿನಿಂದ ಹೊಲಿಗೆ ಸೀಳಿ, ಒಳಗೆ ಕೈ ಹಾಕಿ ತಡಕಾಡಿದಳು.

"ಟೀಚರ್ರೀ, ಇದರಾಗ ಹತ್ತಿ ಕಾಳೂ ಅದಾವಲ್ರಿ."

"ನಮ್ಮ ಹೊಲದ ಹತ್ತಿ," ಎಂದೆ.

"ಅದಕ್ಕ ನಿಮಗ ಹೊಲದಾಗ ಮಲಗಿದಂಗ ಆಗಾಕತ್ತದ," ಎಂದು ನಕ್ಕಳು.

ತಡವಾಗುತ್ತದೆ ಎಂದರು. ನಾನು ಬಾಗಿಲ ಬಳಿಯೇ ನಿಂತಿದ್ದೆ. ಆಗ ಅವಳು ಹಿಂದಿನ ಪರದೆ ಸರಿಸಿ, "ಒಳಗ ಕುಂಡ್ರಿ ಬರ್ರಿ. ಅಲ್ಲಿ ನಿಂತ್ರ ಅರಳಿ ಮೈಗೆಲ್ಲ ಅಂಟಿ ನೀವೂ ಗಾದಿ ಆಗ್ತೀರಿ," ಎಂದಳು.

ಪರದೆಯ ಆಚೆ ಇದ್ದದ್ದು ಒಂದು ಪುಟ್ಟ ಕೋಣೆ. ಹಿಂದೆ ಬಟ್ಟೆಯ ಗಂಟು ಒಟ್ಟುತ್ತಿದ್ದ ಜಾಗವಂತೆ. ಗೋಡೆಗಳಿಗೆ ಬಿಳಿ ಸುಣ್ಣ. ಸಾಮಾನು ಕಟ್ಟಿ ಬರುವ ಪೆಟ್ಟಿಗೆಗಳ ತಿಳಿಬಣ್ಣದ ಪೈನ್ ಹಲಗೆಗಳನ್ನು ಉಜ್ಜಿ ಮಾಡಿದ ಒಂದು ತಗ್ಗಿನ ಬೆಂಚು, ಅದರ ಮೇಲೆ ಬಣ್ಣ ಹಾಕದ ಮಾಂಜರಪಾಟ ಬಟ್ಟೆಯ ದಪ್ಪ ದಿಂಬು. ಮೂಲೆಯಲ್ಲಿ ಕಾಗದದ ಬುರುಡೆ ಹೊದಿಸಿದ ದೀಪ. ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಬಾಟಲಿ, ಅದರಲ್ಲಿ ಒಣಗಿದ ಜೋಳದ ತೆನೆ. ಇಷ್ಟೇ. ಹೊರಗಿನ ಬಣ್ಣ, ಸದ್ದು, ಧೂಳು ಯಾವುದೂ ಅಲ್ಲಿರಲಿಲ್ಲ. ಡಿಸೆಂಬರಿನ ಬೆಳಕು ಬೆಂಚಿನ ಮೇಲೆ ಬಿದ್ದು ಕೋಣೆ ಬೆಚ್ಚಗಿತ್ತು. ಕುಳಿತ ಮೇಲೆ ನನಗೆ ಏಳುವ ಮನಸ್ಸಾಗಲಿಲ್ಲ.

"ಇದು ಸ್ವೀಡನ್, ನಾರ್ವೆ ಕಡಿ ಮನಿಗಳ ನಮೂನಿ ರಿ," ಎಂದಳು ಫರ್ಹೀನ್, ಚಹಾದ ಲೋಟ ಕೊಡುತ್ತ. "ಸ್ಕ್ಯಾಂಡಿನೇವಿಯನ್ ಅಂತಾರ. ಫೋನಿನ್ಯಾಗ ನೋಡಿ ಕಲ್ತೀನಿ. ಅಲ್ಲಿ ಚಳಿಗಾಲಕ್ಕ ಹಗಲ ಹೊತ್ತೇ ಕತ್ತಲಾಗ್ತದಂತ. ಹೊರಗ ಹೋಗಾಕ ಬರಂಗಿಲ್ಲ. ಅದಕ್ಕ ಒಳಗ ಬೆಳಕ ಬರೋ ಹಂಗ, ಬೆಚ್ಚಗಿರೋ ಹಂಗ ಮಾಡ್ಕೊಂಡು ಎಲ್ಲಾರೂ ಕೂಡಿ ಕುಂಡ್ರತಾರ. ಸಾಮಾನು ಜಾಸ್ತಿ ಇಡಂಗಿಲ್ಲ. ಇಟ್ಟದ್ದು ಮಾತ್ರ ಕೈಗೆ ಹಿತ ಆಗ್ಬೇಕು."

ಮಷಿನ್ ನಿಂತಿತು. ಹೊರಗಿನಿಂದ ದಸ್ತಗೀರ್ ಸಾಬರು ಕೂಗಿದರು: "ಟೀಚರಮ್ಮಾ, ಸ್ವೀಡನ್ ನೋಡಿ ಆಗಿದ್ರ ಬರ್ರಿ. ಮಾನ್ವ್ಯಾಗ ನಿಮ್ಮ ಗಾದಿ ತಯಾರಾಗ್ಯದ."

ಹೀಗೆ ಪರಿಚಯವಾಯಿತು. ಆಮೇಲೆ ಬಜಾರಿಗೆ ಹೋದಾಗಲೆಲ್ಲ ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಕುಳಿತು ಬರುತ್ತಿದ್ದೆ. ಫರ್ಹೀನ್ ಮಾನ್ವಿಯಲ್ಲೇ ಬಿ.ಕಾಂ. ಮುಗಿಸಿದ್ದಳು. ಅವರ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು, ನನ್ನ ಹಾಗೆ. ಜನರ ಮನೆಗಳನ್ನು ಈ ರೀತಿ ಸಜ್ಜು ಮಾಡಿಕೊಡುವುದೇ ಕಸುಬಾಗಬೇಕೆಂಬುದು ಅವಳ ಆಸೆ. ಅದಕ್ಕೆ ಒಂದು ಅಂಗಡಿ ಬೇಕು. ಅಂಗಡಿ ಇತ್ತು, ಆದರೆ ಉಳಿಯುವ ಹಾಗಿರಲಿಲ್ಲ. ದಸ್ತಗೀರ್ ಸಾಬರಿಗೆ ಹತ್ತಿಯ ಧೂಳಿನಿಂದ ಕೆಮ್ಮು ಹತ್ತಿತ್ತು. ಈ ಕೆಲಸ ಬಿಡಬೇಕೆಂದು ಡಾಕ್ಟರು ಹೇಳಿದ್ದರು. ಬಾಡಿಗೆಯ ಅಂಗಡಿಯನ್ನು ಮಾಲೀಕರಿಗೆ ಬಿಟ್ಟುಕೊಡುವುದೆಂದು ಅವರು ಮನಸ್ಸು ಮಾಡಿದ್ದರು.

ನನ್ನ ಶಾಲೆಯಲ್ಲಿ ಗಣಿತ ಕಲಿಸುವ ಸವಿತಾ ರಾಯಚೂರಿನಿಂದ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಅವಳ ಗಂಡ ಜಗದೀಶರದು ರಾಯಚೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ. ಹೊಸ ಬಡಾವಣೆಯಲ್ಲಿ ಆಗಷ್ಟೇ ಮನೆ ಕಟ್ಟಿಸಿದ್ದರು. ನಾನು ಒಮ್ಮೆ ಸವಿತಾಳನ್ನು ಫರ್ಹೀನಳ ಕೋಣೆಗೆ ಕರೆದುಕೊಂಡು ಹೋದೆ. ಅವಳು ಬೆಂಚಿನ ಮೇಲೆ ಕುಳಿತು, ದಿಂಬನ್ನು ತೊಡೆಯ ಮೇಲಿಟ್ಟುಕೊಂಡು, "ನಮ್ಮ ಪಡಸಾಲಿ ಹಿಂಗೇ ಆಗ್ಬೇಕು ನೋಡವಾ," ಎಂದಳು.

ದಸ್ತಗೀರ್ ಸಾಬರು ಪರದೆಯ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಫರ್ಹೀನ್ ಅವರ ಮುಖ ನೋಡಿದಳು.

"ಅಬ್ಬಾ, ಈ ಮನಿ ಚಂದ ಆದ್ರ ಅಂಗಡಿ ನನಗ ಬಿಡ್ತೀರೇನು?"

"ಚಂದ ನನಗ ತಿಳಿಯಂಗಿಲ್ಲ ಬೇಟಿ. ಗಾದಿ ಮಾಡಾಂವಗ ತಿಳಿಯೋದು ಒಂದೇ. ಮಂದಿ ಅದರ ಮ್ಯಾಲ ಕುಂತ್ರೋ ಇಲ್ಲೋ ಅನ್ನೋದು. ಆ ಮನಿಯವರು ಖುಷಿಲೆ ಕುಂತ್ರ ಅಂಗಡಿ ನಿಂದು. ಇಲ್ಲಂದ್ರ ಮಾಲಕರದು." ನಮ್ಮ ಕಡೆ ತಿರುಗಿ, "ನಾನೇ ಬಂದು ನೋಡ್ತೀನ್ರಿ ಮತ್ತ," ಎಂದರು.

ಜನವರಿಯಲ್ಲಿ ಕೆಲಸ ನಡೆಯಿತು. ಪಡಸಾಲೆಯ ಗುಲಾಬಿ ಬಣ್ಣದ ಗೋಡೆಗಳು ಬಿಳಿಯಾದವು. ಪ್ಲಾಸ್ಟಿಕ್ ಹೂಗಳು, ಗಾಜಿನ ಶೋಕೇಸು ಮೇಲಿನ ಕೋಣೆಗೆ ಹೋದವು. ಪಶ್ಚಿಮದ ದೊಡ್ಡ ಕಿಟಕಿಗೆ ಹಾಕಿದ್ದ ಕಡುಗೆಂಪು ಪರದೆ ತೆಗೆದು, ಬೆಳಕು ತೂರಿ ಬರುವ ತೆಳು ಬಿಳಿ ಬಟ್ಟೆ ಹಾಕಿದಳು. ಪೈನ್ ಹಲಗೆಯ ಉದ್ದನೆಯ ಬೆಂಚು ಬಂತು. ಅದರ ದಿಂಬುಗಳನ್ನು ದಸ್ತಗೀರ್ ಸಾಬರೇ ಕೈಯಾರೆ ತುಂಬಿಕೊಟ್ಟರು. ಅವಳು ಫೋನಿನಲ್ಲಿ ನೋಡಿದ್ದ ಫೋಟೊಗಳಲ್ಲೆಲ್ಲ ನೆಲದ ಮೇಲೆ ಕುರಿಯ ತುಪ್ಪಟದ ಹಾಸು ಇರುತ್ತಿತ್ತು. ಅದನ್ನು ಎಲ್ಲಿಂದಲೋ ತರಿಸುವ ಬದಲು ಫರ್ಹೀನ್ ದೇವದುರ್ಗಕ್ಕೆ ಹೋಗಿ, ಬಣ್ಣ ಹಾಕದ, ಕುರಿಯ ಮೈಬಣ್ಣದ್ದೇ ಆದ ಕರಿ ಕಂಬಳಿ ಕೊಂಡು, ಸಿರವಾರದಲ್ಲಿ ಬಸ್ಸು ಬದಲಿಸಿ, ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ತಂದಳು. ಬಿಳಿ ಗೋಡೆಯ ಮುಂದೆ, ತಿಳಿಬಣ್ಣದ ಬೆಂಚಿನ ಕೆಳಗೆ ಆ ಕಂಬಳಿ ಹಾಸಿ, ಮೇಲೆ ಪುಟ್ಟ ಮೇಜು ಇಟ್ಟಾಗ ನಾವೆಲ್ಲ ನೋಡುತ್ತ ನಿಂತೆವು. ಅಷ್ಟು ಚೆನ್ನಾಗಿತ್ತು. ಸವಿತಾ ತೆಗೆದ ಫೋಟೊ ಶಾಲೆಯ ಟೀಚರುಗಳ ಫೋನುಗಳಲ್ಲೆಲ್ಲ ಓಡಾಡಿತು.

ಯುಗಾದಿ ಮುಗಿಸಿಕೊಂಡು ಜಾಲಹಳ್ಳಿಯಿಂದ ಸವಿತಾಳ ಅತ್ತೆ ಗದ್ದೆಮ್ಮ ಮಗನ ಮನೆಗೆ ಬಂದರು. ಬಿಸಿಲೂ ಅವರ ಹಿಂದೆಯೇ ಬಂತು.

ಏಪ್ರಿಲ್ ಮೊದಲ ವಾರದ ಒಂದು ಶನಿವಾರ. ಬೆಳಗಿನ ಶಾಲೆ ಬೇಗ ಬಿಟ್ಟಿತ್ತು. ದಸ್ತಗೀರ್ ಸಾಬರು ಕೆಮ್ಮು ತೋರಿಸಲು ರಾಯಚೂರಿನ ಆಸ್ಪತ್ರೆಗೆ ಬಂದಿದ್ದರು, ಜೊತೆಗೆ ಫರ್ಹೀನ್. ನಾನೂ ಸವಿತಾಳ ಜೊತೆ ಹೋಗಿದ್ದೆ. ಊಟದ ಹೊತ್ತು ದಾಟಿದ ಮೇಲೆ ಎಲ್ಲರೂ ಸವಿತಾಳ ಮನೆ ಸೇರಿದೆವು.

ಪಡಸಾಲೆಗೆ ಕಾಲಿಟ್ಟ ಕೂಡಲೇ ಕಣ್ಣು ಕುಕ್ಕಿತು. ತೆಳು ಪರದೆಯ ಮೂಲಕ ಬಿಸಿಲು ಬಂದು ಬಿಳಿ ಗೋಡೆಗೆ ಬಡಿದು ಕೋಣೆಯೆಲ್ಲ ಉರಿಯುತ್ತಿತ್ತು. ಆದರೂ ಎಲ್ಲ ಇಟ್ಟದ್ದು ಇಟ್ಟಂತೆ, ಅಚ್ಚುಕಟ್ಟಾಗಿತ್ತು. ದಸ್ತಗೀರ್ ಸಾಬರು ಬೆಂಚಿನ ತುದಿಗೆ ಕುಳಿತರು. ಅಭ್ಯಾಸದಿಂದ ಅವರ ಕೈ ದಿಂಬಿನ ಮೇಲೆ ಹೋಯಿತು. ಮೂಲೆ ಒತ್ತಿದರು, ನಡು ಒತ್ತಿದರು. ಪಕ್ಕದ ದಿಂಬನ್ನು ಮಗುಚಿ ಅದನ್ನೂ ಒತ್ತಿ ನೋಡಿದರು.

"ನಾ ತುಂಬಿ ಕೊಟ್ಟಂಗೇ ಅದಲ್ಲ," ಎಂದರು.

"ಹೌದ್ರಿ! ಒಂಚೂರೂ ಕೆಟ್ಟಿಲ್ಲ ನೋಡ್ರಿ," ಎಂದಳು ಸವಿತಾ ಹೆಮ್ಮೆಯಿಂದ.

ಅದು ಹೊಗಳಿಕೆಯೆಂದೇ ನಾನೂ ತಿಳಿದಿದ್ದೆ. ಆದರೆ ಫರ್ಹೀನಳ ಮುಖ ಇಳಿದುಹೋಗಿತ್ತು. ಹತ್ತಿಯ ದಿಂಬು ನಾಲ್ಕು ದಿನ ಕುಳಿತರೆ ಸಾಕು, ನಡುವೆ ತಗ್ಗು ಬೀಳುತ್ತದೆ. ತಿಂಗಳುಗಟ್ಟಲೆ ಬೀಳದಿದ್ದರೆ ಅದಕ್ಕೆ ಒಂದೇ ಕಾರಣ.

ಅಷ್ಟರಲ್ಲಿ ಒಳಗಿನಿಂದ ಗದ್ದೆಮ್ಮನ ದನಿ ಬಂತು: "ಸವಿತಾ, ಬಂದ ಮಂದೀನ ಆ ಒಲ್ಯಾಗ ಯಾಕ ಕುಂದ್ರಿಸೀದಿ? ಒಳಗ ಕರ್ಕೊಂಡು ಬಾ."

ಅಡುಗೆಮನೆಗೂ ಕಾಳುಕಡಿ ಇಡುವ ಕೋಣೆಗೂ ನಡುವೆ ಒಂದು ಕಿರಿದಾದ ಪ್ಯಾಸೇಜು. ಹೊರಗೋಡೆ ತಾಗದ ಜಾಗ, ಕಿಟಕಿ ಇಲ್ಲ, ಮಬ್ಬುಗತ್ತಲು. ಸವಿತಾ ನಮ್ಮನ್ನು ಅತ್ತ ಕರೆದುಕೊಂಡು ಹೋಗುವಾಗ ಕಂಬಳಿಯ ಮೇಲೆ ಕಾಲಿಡದೆ, ಗೋಡೆ ಹಿಡಿದು ಸುತ್ತು ಹಾಕಿ ಹೋದಳು. ನಾವೂ ಹಾಗೇ ಹೋದೆವು. ಪ್ಯಾಸೇಜಿನಲ್ಲಿ ಚಾಪೆ, ಟೇಬಲ್ ಫ್ಯಾನು, ನೀರಿನ ತಂಬಿಗೆ, ಓದಿಟ್ಟ ಪೇಪರು. ಜಗದೀಶರು ಲುಂಗಿಯಲ್ಲಿ ಅಡ್ಡಾಗಿದ್ದವರು ಗಡಬಡಿಸಿ ಎದ್ದು ಕುಳಿತರು. ಮನೆಯವರೆಲ್ಲ ಬದುಕುತ್ತಿದ್ದದ್ದು ಅಲ್ಲಿ. ಗದ್ದೆಮ್ಮ ಮಜ್ಜಿಗೆ ಕೊಟ್ಟರು. ದಸ್ತಗೀರ್ ಸಾಬರು ಕುಡಿದು, ಒಳ್ಳೆಯ ಮಾತಾಡಿ ಎದ್ದರು.

ಮಾನ್ವಿಗೆ ಮೂವರೂ ಒಂದೇ ಬಸ್ಸಿನಲ್ಲಿ ಹೊರಟೆವು. ದಸ್ತಗೀರ್ ಸಾಬರು ಮಗಳಿಗೆ ಹೇಳಿದರು: "ಬಕ್ರೀದ್ ಆದ ಮ್ಯಾಲ ಅಂಗಡಿ ಬಿಡ್ತೀನಿ ಅಂತ ಮಾಲಕರಿಗೆ ಹೇಳಿಬಿಡ್ತೀನಿ ಬೇಟಿ."

"ಬಕ್ರೀದ್ ತನಕ ಹೇಳಬ್ಯಾಡ್ರಿ ಅಬ್ಬಾ. ನಾ ಇನ್ನೊಮ್ಮೆ ಹೋಗಿ ಬರ್ತೀನಿ."

"ಹೋಗಿ ಬಾ," ಎಂದು ಅವರು ಕಿಟಕಿಯ ಕಡೆ ತಿರುಗಿದರು.

ಮುಂದಿನ ವಾರ ಫರ್ಹೀನ್ ಒಬ್ಬಳೇ ರಾಯಚೂರಿಗೆ ಹೋದಳು. ಅಂದಿನ ಮಾತನ್ನು ನನಗೆ ಹೇಳಿದವಳು ಸವಿತಾ. ಗದ್ದೆಮ್ಮ ಪ್ಯಾಸೇಜಿನಲ್ಲಿ ಹುಣಸೆ ಹಣ್ಣು ಕುಟ್ಟಿ ಬೀಜ ತೆಗೆಯುತ್ತ ಕುಳಿತಿದ್ದರಂತೆ.

"ಯಾಕವಾ, ಅಳತಿ ಪಟ್ಟಿ ತಂದೀಯೇನು?"

"ಇಲ್ರೀ ಯವ್ವಾ. ಸುಮ್ಮನ ಬಂದೀನಿ."

"ಸುಮ್ಮನ ಯಾಕ ಕುಂಡ್ರತಿ? ಆ ಕಲ್ಲು ತಗೊ."

ಫರ್ಹೀನ್ ಕಲ್ಲು ತೆಗೆದುಕೊಂಡು ಹುಣಸೆ ಕುಟ್ಟತೊಡಗಿದಳು. ಸವಿತಾ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು.

"ಯವ್ವಾ, ಪಡಸಾಲ್ಯಾಗ ಯಾಕ ಕುಂಡ್ರಂಗಿಲ್ರಿ?"

"ಬಿಸಲವಾ. ಕಾಣಂಗಿಲ್ಲೇನು?"

"ಮುಂಜಾನಿ ಬಿಸಲಿರಂಗಿಲ್ಲಲ್ರಿ ಅಲ್ಲಿ?"

ಗದ್ದೆಮ್ಮ ಅಡುಗೆಮನೆಯ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿದರು. "ನನ್ನ ಸೊಸಿಗೆ ಹೇಳಬ್ಯಾಡ ಮತ್ತ. ನಮ್ಮದು ಹಾಲುಮತದ ಮನಿ, ಕುರಿ ಕಾಯ್ದ ಮಂದಿ. ಕಂಬಳಿ ಅಂದ್ರ ನಮಗ ದೇವರ ಗದ್ದಿಗಿ. ಹಿರೇರು ಬಂದ್ರ ಹಾಸ್ತೀವಿ, ಕುಂತು ಎದ್ದ ಮ್ಯಾಲ ಝಾಡಿಸಿ, ಮಡಚಿ ಮ್ಯಾಲ ಇಡ್ತೀವಿ. ನೀ ಹಗಲೆಲ್ಲ ಹಾಸಿ ಬಿಟ್ಟೀದಿ. ಮ್ಯಾಲ ಟೇಬಲ್ ಕಾಲು ಊರೀದಿ. ಬಂದಾವ್ರು ಚಪ್ಪಲಿ ಸುದ್ದಾ ತುಳೀತಾರ. ನನಗ ಆ ಕಡಿ ಕಾಲು ಏಳಂಗಿಲ್ಲವಾ."

ಫರ್ಹೀನ್ ಕಲ್ಲು ಕೆಳಗಿಟ್ಟು ಎರಡೂ ಕೆನ್ನೆ ಮುಟ್ಟಿಕೊಂಡಳು. "ತೌಬಾ! ನಂಗ ಗೊತ್ತಿರಲಿಲ್ರೀ ಯವ್ವಾ. ನಮ್ಮ ಮನ್ಯಾಗೂ ನಮಾಜ್ ಆದ ಮ್ಯಾಲ ಜಾನಮಾಜ್ ಹಾಸು ಮಡಚೇ ಇಡ್ತೀವಿ. ಇದು ತಲಿಗೇ ಹೊಳೀಲಿಲ್ಲ. ಒಂದು ಮಾತು ಹೇಳಬಾರದೇನ್ರಿ?"

"ಹ್ಯಾಂಗ ಹೇಳ್ಲಿ? ಸೊಸಿ ಹೌಸಿಲೆ ಮಾಡಿಸ್ಯಾಳ. ಬಂದ ವಾರದಾಗೇ ಅತ್ತಿ ಕೊಂಕು ತಗದ್ಲು ಅಂತ ಅನಿಸ್ಕೊಳ್ಳೇನು?"

ಅಡುಗೆಮನೆಯಲ್ಲಿ ನೀರಿನ ಸದ್ದು ನಿಂತುಹೋಗಿತ್ತು. ಸವಿತಾ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು.

"ಅತ್ತೀ! ಹೊಲಸಾಗ್ತದಂತ ಅಂಜಿ ಗ್ವಾಡಿ ಹಿಡದು ಅಡ್ಡಾಡ್ತೀರಿ ಅಂತ ತಿಳಿದಿದ್ನಲ್ರಿ ನಾನು!"

"ನಿನಗ ಅಂಜಿಲ್ಲ ತಗೊ. ದೇವರಿಗೆ ಅಂಜೀನಿ."

"ನೀವು ಬರೋ ಮೊದಲು ಹೊಸಾದು ಕೆಟ್ಟೀತಂತ ನಾನೇ ಯಾರನ್ನೂ ಕುಂಡ್ರಗೊಟ್ಟಿರಲಿಲ್ಲ, ಆಮ್ಯಾಲ ನಿಮ್ಮನ್ನ ನೋಡಿ ಮನಿ ಮಂದಿಯೆಲ್ಲ ಗ್ವಾಡಿ ಹಿಡದ್ರು. ನಿಮ್ಮ ಮಗ ನಿನ್ನೆ ಚಹಾದ ಕಪ್ಪು ಹಿಡ್ಕೊಂಡು ಹಲ್ಲಿ ಹಂಗ ಹೊಂಟಿದ್ರು!"

ಮೂವರೂ ನಕ್ಕರಂತೆ. ಸವಿತಾ ಹುಟ್ಟಿ ಬೆಳೆದದ್ದು ರಾಯಚೂರು ಪೇಟೆಯಲ್ಲಿ. ಕಂಬಳಿ ನಮ್ಮವರದೇ ಎಂಬ ಅಭಿಮಾನದಿಂದ ಒಪ್ಪಿದ್ದಳೇ ಹೊರತು, ಹಾಸಿದ ಕಂಬಳಿಯನ್ನು ಮಡಚಿಡಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಗಲೇ ಮೇಜು ಎತ್ತಿ, ಕಂಬಳಿ ಝಾಡಿಸಿ, ಗದ್ದೆಮ್ಮನ ಕೈಗೆ ಕೊಟ್ಟರು.

ಅಂದು ಫರ್ಹೀನ್ ಸಂಜೆಯವರೆಗೂ ಹೋಗಲಿಲ್ಲ. ಯಾರು ಎಲ್ಲಿ ಕೂರುತ್ತಾರೆ, ಎತ್ತ ಮುಖ ಮಾಡುತ್ತಾರೆ, ಬೆನ್ನು ಎಲ್ಲಿ ಆನಿಸುತ್ತಾರೆ ಎಂದು ನೋಡುತ್ತ ಹುಣಸೆ ಕುಟ್ಟಿದಳು. ಹೊರಡುವ ಮುಂಚೆ ಒಬ್ಬಳೇ ಪಡಸಾಲೆಗೆ ಹೋದಳಂತೆ. ಆ ಬಿಳಿ ಪರದೆಯ ಮೇಲೆ ಅವಳಿಗೆ ಬಹಳ ಪ್ರೀತಿ ಇತ್ತು. ಅದನ್ನು ತಾನೇ ಕಳಚಿ, ಮಡಚಿ ಚೀಲದಲ್ಲಿಟ್ಟುಕೊಂಡಳು.

"ಸವಿತಕ್ಕಾ, ಆ ದೇಶದವ್ರು ಚಳಿಗೆ ಹೆದರಿ ಒಳಗ ಕುಂಡ್ರತಾರ, ನಾವು ಬಿಸಲಿಗೆ ಹೆದರಿ. ನಾ ಅವ್ರ ಬಿಸಲು ತಂದು ನಿಮ್ಮ ಮನ್ಯಾಗ ಇಟ್ಟಿದ್ದೆ. ತಪ್ಪು ನಂದೇ. ಪ್ಯಾಸೇಜು ನನಗ ಕೊಡ್ರಿ," ಎಂದಳಂತೆ.

ಶಾಲೆಗೆ ಬೇಸಿಗೆ ರಜೆ ಬಂತು. ನಾನು ಊರಿನಲ್ಲಿದ್ದೆ. ಆ ದಿನಗಳಲ್ಲಿ ಅವಳು ಮಾನ್ವಿಯಿಂದ ಓಡಾಡಿ ಕೆಲಸ ಮುಗಿಸಿದಳು. ಪಶ್ಚಿಮದ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿಸಿದಳು, ಮಧ್ಯಾಹ್ನ ಅದಕ್ಕೆ ನೀರು ಚಿಮುಕಿಸಿದರೆ ಪಡಸಾಲೆ ತಂಪಾಗಿ ಒಳ್ಳೆಯ ವಾಸನೆ ಬರುತ್ತಿತ್ತು. ಬೆಂಚನ್ನು ಕತ್ತರಿಸಿ ಎರಡು ಮಾಡಿ, ಕಾಲು ಇನ್ನಷ್ಟು ತಗ್ಗಿಸಿ, ಒಂದನ್ನು ಪ್ಯಾಸೇಜಿನ ಗೋಡೆಗೆ ಆನಿಸಿದಳು. ಗೋಡೆಗೆ ಬಿಳಿಯ ಬದಲು ಮಜ್ಜಿಗೆ ನೀರಿನಂಥ ಮಬ್ಬು ಬಣ್ಣ. ತಿಳಿ ಹಲಗೆಯ ಒಂದು ಉದ್ದನೆ ಗೂಡು. ಅದರ ಮೇಲಿನ ಅಂತಸ್ತು ಕಂಬಳಿಗೆ, ಕೆಳಗಿನದು ನೀರಿನ ತಂಬಿಗೆಗೆ, ಪೇಪರಿಗೆ. ಕಾಗದದ ಬುರುಡೆಯ ದೀಪ ಕೈಗೆಟಕುವಷ್ಟು ಕೆಳಗೆ. ಬೇರೆ ಸಾಮಾನು ಒಂದೂ ಇಲ್ಲ.

"ಇದು ಫೋಟೊದಾಗ ಬರಂಗಿಲ್ಲಲ್ಲ ಫರ್ಹೀನ್," ಎಂದು ಸವಿತಾ ಒಂದಿಷ್ಟು ಬೇಸರಪಟ್ಟಳು.

ಫರ್ಹೀನ್ ಫೋನು ತೆಗೆದು ಒಂದು ಫೋಟೊ ಹೊಡೆದಳು. ಕಪ್ಪಗೆ ಬಂತು. "ಹೌದು ನೋಡ್ರಿ, ಬರಂಗಿಲ್ಲ," ಎಂದು ಅದನ್ನು ಅಳಿಸಿಬಿಟ್ಟಳು.

ಬಕ್ರೀದಿಗೆ ಮುಂಚೆ ದಸ್ತಗೀರ್ ಸಾಬರು ಮತ್ತೆ ಆಸ್ಪತ್ರೆಗೆ ಬರಬೇಕಿತ್ತು. ಆ ದಿನ ನಾನೂ ಯಾಪಲದಿನ್ನಿಯಿಂದ ರಾಯಚೂರಿಗೆ ಬಂದು ಸವಿತಾಳ ಮನೆಯಲ್ಲಿದ್ದೆ. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗುವಂಥ ಬಿಸಿಲು. ಅವರು ಬಾಗಿಲಿಗೆ ಬಂದಾಗ ಬೆವೆತು ಹೋಗಿದ್ದರು, ಕೆಮ್ಮು ಬಿಡದೆ ಬರುತ್ತಿತ್ತು. ಫರ್ಹೀನ್ ಅವರ ಚೀಲ ಹಿಡಿದು ಹಿಂದೆ ನಿಂತಿದ್ದಳು. ಊರಿಗೆ ಹೋದ ಕೂಡಲೇ ಅವರು ಅಂಗಡಿಯ ಮಾಲೀಕರನ್ನು ಕಾಣುವವರಿದ್ದರು. ಏನು ಹೇಳಬೇಕೆಂಬುದು ಇಲ್ಲಿ ನೋಡಿದ್ದರ ಮೇಲೆ ನಿಂತಿತ್ತು. ಅದು ನಮಗೆಲ್ಲರಿಗೂ ಗೊತ್ತಿತ್ತು.

ಗದ್ದೆಮ್ಮ ಗೂಡಿನಿಂದ ಕಂಬಳಿ ಇಳಿಸಿ, ಪ್ಯಾಸೇಜಿನ ಬೆಂಚಿನ ಮುಂದೆ ಹಾಸಿದರು. "ಬರ್ರಿ ಸಾಹೇಬ್ರ. ಕುಂಡ್ರಿ. ಚಪ್ಪಲಿ ಅಲ್ಲೇ ಬಿಡ್ರಿ."

ಅವರು ಕುಳಿತು ಬೆಂಚಿಗೆ ಬೆನ್ನು ಕೊಟ್ಟರು. ಮಜ್ಜಿಗೆ ಬಂತು. ಗದ್ದೆಮ್ಮ ಈ ಸಲದ ಹತ್ತಿಯ ಮಾತು ತೆಗೆದರು. ಹಳೆಯ ಕಾಲದ ಹತ್ತಿಯಲ್ಲಿ ಇದ್ದ ಮೆತ್ತನೆಯ ಗುಣ ಈಗಿನದರಲ್ಲಿ ಇಲ್ಲವೆಂದು ಇಬ್ಬರೂ ಒಪ್ಪಿಕೊಂಡರು. ಮಾತಿಗೆ ಮಾತು ಸೇರುತ್ತ ಸಾಬರ ದನಿ ನಿಧಾನವಾಯಿತು. ದಿಂಬೊಂದನ್ನು ತಲೆಗೆ ಎಳೆದುಕೊಂಡರು. ನೋಡನೋಡುತ್ತಿದ್ದಂತೆ ನಿದ್ದೆ ಹೋದರು.

ಫರ್ಹೀನ್ ದಿಗಿಲುಬಿದ್ದಳು. "ಅಬ್ಬಾ ನೋಡಾಕ ಬಂದಾರ. ಏನೂ ನೋಡದ ಮಲಗಿಬಿಟ್ರಲ್ರಿ! ಬಸ್ಸಿನ ಹೊತ್ತಾತು. ಎಬ್ಬಸ್ಲೇನು?"

"ಎಬ್ಬಿಸಿ ನೋಡು, ಕೈ ಮುರೀತೀನಿ," ಎಂದರು ಗದ್ದೆಮ್ಮ ಪಿಸುದನಿಯಲ್ಲಿ. "ಎಷ್ಟ ದಿನಕ್ಕ ಹಿಂಗ ಮಲಗ್ಯಾರೋ. ಕೆಮ್ಮು ನಿಂತದ, ಕೇಳು."

ನಾವು ಪಡಸಾಲೆಗೆ ಬಂದು ಲಾವಂಚದ ತಟ್ಟಿಯ ಬಳಿ ಕುಳಿತೆವು. ಬಸ್ಸು ಹೋಯಿತು. ಬಿಸಿಲು ಇಳಿದ ಮೇಲೆ ಅವರು ಎದ್ದು, ಟೋಪಿ ಹುಡುಕುತ್ತ ಬಹಳ ನಾಚಿಕೊಂಡರು. "ಇದೇನ್ರಿ, ಮಂದಿ ಮನ್ಯಾಗ ಹಿಂಗ ನಿದ್ದಿ ಹತ್ತಿತ್ತು! ಮಾಫ್ ಮಾಡ್ರಿ." ಏಳುವಾಗ ಕಂಬಳಿಯನ್ನು ತಾವೇ ಝಾಡಿಸಿ, ಮಡಚಿ, ಗೂಡಿನ ಮೇಲಿಟ್ಟರು. ಯಾರೂ ಅವರಿಗೆ ಹೇಳಿರಲಿಲ್ಲ.

ಬಸ್ ನಿಲ್ದಾಣದವರೆಗೆ ನಾನೂ ಅವರ ಜೊತೆ ನಡೆದೆ. ಮಾನ್ವಿಯ ಬಸ್ಸು ಬಂದು ನಿಂತಾಗ ಮಗಳ ಕೈಯಿಂದ ಚೀಲ ತೆಗೆದುಕೊಳ್ಳುತ್ತ ಸಾಬರು ಕೇಳಿದರು: "ಬೇಟಿ, ಮಷಿನ್ ತಗದುಬಿಟ್ರ ಅಂಗಡ್ಯಾಗ ನಿನಗ ಜಾಗ ಸಾಲ್ತದಲ್ಲ?"

ಫರ್ಹೀನ್ ಹೌದೆಂದು ತಲೆಯಾಡಿಸಿದಳು.

ಬಕ್ರೀದ್ ಕಳೆದ ಮೇಲೆ ಮಷಿನ್ ಹೋಯಿತು. ಹತ್ತಿಯ ಧೂಳು ಇಲ್ಲದ ಮೇಲೆ ದಸ್ತಗೀರ್ ಸಾಬರ ಕೆಮ್ಮು ಸಾಕಷ್ಟು ಕಡಿಮೆಯಾಗಿದೆ.

ಫರ್ಹೀನ್ ಈಗ ಮಾನ್ವಿಯ ಅದೇ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಪೈನ್ ಹಲಗೆಯ ಬೆಂಚು, ಗೂಡು, ದೀಪಗಳನ್ನು ಅಲ್ಲೇ ಮಾಡಿಸಿ, ರಾಯಚೂರು, ಸಿರವಾರ, ದೇವದುರ್ಗದ ಮನೆಗಳನ್ನು ಸಜ್ಜು ಮಾಡಿಕೊಡುತ್ತಾಳೆ. ಹೊಸ ಮನೆಯ ಕೆಲಸ ಬಂದಾಗ ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಹೋಗಿ, ಮನೆಯವರು ಎಲ್ಲಿ ಕುಳಿತಿರುತ್ತಾರೋ ಅಲ್ಲೇ ಅವರ ಜೊತೆ ಕುಳಿತು ಬರುತ್ತಾಳೆ.